ಹಳೇ ಕಾದಂಬರಿ ಓದಿ ಬದುಕು ಕಲಿಯೋದು ಹೇಗೆ? ನಾಚಿಕೆ ಆಗೋ ಪುಟದಿಂದ ಶುರು ಮಾಡಿ

ಪಿಯುಸಿ ಮುಗಿಸಿದ ಮಕ್ಕಳು ಶಿರಸಿಯಿಂದ, ಕುಮಟಾದಿಂದ, ಕಾರವಾರದಿಂದ ಬ್ಯಾಗ್ ಕಟ್ಕೊಂಡು ಬೆಂಗಳೂರಿಗೋ ಮಂಗಳೂರಿಗೋ ಹೊರಡೋವಾಗ ಮನೆಯವರು ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿ ಕೊಡ್ತಾರೆ, ತೊಡದೇವು ಕೊಡ್ತಾರೆ, ಪವರ್ ಬ್ಯಾಂಕ್ ಕೊಡಿಸ್ತಾರೆ, ಹುಷಾರು ಅಂತ ಬಸ್ ಬಿಡೋ ತನಕ ಹೇಳ್ತಾನೇ ಇರ್ತಾರೆ. ಒಂದು ಕಾದಂಬರಿ ಕಟ್ಟಿ ಕೊಡೋರು ಕಮ್ಮಿ. ಕೊಟ್ರೂ ಅದ್ರಲ್ಲಿ ಒಳ್ಳೆ ನೀತಿ ಇದೆ ಓದು ಅಂತ ಹೇಳಿ ಕೊಡ್ತಾರೆ, ಅಲ್ಲಿಗೆ ಆ ಪುಸ್ತಕದ ಕಥೆ ಮುಗೀತು, ಹಾಸ್ಟೆಲ್ಲಿನ ಮಂಚದ ಕೆಳಗೆ ಸೂಟ್‌ಕೇಸಿನಲ್ಲೇ ಉಳಿಯುತ್ತೆ.

ತಪ್ಪು ಮಕ್ಕಳದ್ದಲ್ಲ. ಹೈಸ್ಕೂಲಲ್ಲಿ ಪ್ರತಿ ಪಾಠದ ಕೊನೆಗೂ ಇದರಿಂದ ನೀವು ಕಲಿತ ನೀತಿ ಏನು ಅಂತ ಕೇಳಿ ಕೇಳಿ, ಕಥೆ ಅಂದ್ರೆ ಕೊನೇ ಸಾಲಲ್ಲಿ ನೀತಿ ಇರೋ ಸಾಮಾನು ಅಂತ ತಲೇಲಿ ಕೂತುಬಿಟ್ಟಿದೆ. ದೊಡ್ಡ ಕಾದಂಬರಿಗಳಲ್ಲಿ ಹಾಗೆ ಏನೂ ಇರಲ್ಲ ಮಾರಾಯ್ರೆ. ಅಲ್ಲಿ ಇರೋದು ಒಬ್ಬ ಮನುಷ್ಯ ನಿಧಾನಕ್ಕೆ, ಪುಟಗಟ್ಟಲೆ, ತಾನು ಮಾಡ್ತಿರೋದು ಸರಿ ಅಂತಾನೇ ಅಂದ್ಕೊಂಡು ತಪ್ಪು ಮಾಡ್ತಾ ಹೋಗೋದು, ನಾವು ಪಕ್ಕದಲ್ಲಿ ಕೂತು ಅದನ್ನ ನೋಡ್ತಾ ಇರೋದು, ಎಷ್ಟೋ ಸಲ ಅವನ ಪರವಾಗೇ ಇರೋದು. ಅದಕ್ಕೇ ನಾನು ಹೇಳೋದು, ನೀತಿ ಹುಡುಕೋಕೆ ಹೋಗ್ಬೇಡಿ, ನಾಚಿಕೆ ಹುಡುಕಿ. ಪಾತ್ರ ಯಾವ ಪುಟದಲ್ಲಿ ಯಾರ ಮುಂದೆ ಯಾಕೆ ನಾಚಿಕೆ ಪಡುತ್ತೆ ಅಂತ ಹಿಡಿದ್ರೆ, ಬೆಳೆಯೋದು ಅಂದ್ರೆ ಏನು ಅನ್ನೋದರ ಮುಕ್ಕಾಲು ಪಾಲು ಕೈಗೆ ಸಿಕ್ಕಿತು ಅಂತ ಲೆಕ್ಕ.

ಹೇಗೆ ಮಾಡೋದು ಅಂತ ಒಂದೊಂದಾಗಿ ಹೇಳ್ತೀನಿ.

ಮೊದಲನೇದು, ತೆಳ್ಳಗಿನ ಪುಸ್ತಕ ತಗೊಳ್ಳಿ

ಶುರುವಿಗೇ ಮಲೆಗಳಲ್ಲಿ ಮದುಮಗಳು ಹಿಡ್ಕೊಂಡು ಕೂತ್ರೆ ಯಾರಾದ್ರೂ ಸುಸ್ತಾಗ್ತಾರೆ. ಕುವೆಂಪು ಅವರ ಆ 1967ರ ಕಾದಂಬರಿ ನನಗೆ ಪ್ರಾಣ, ಆದ್ರೆ ಅದು ಏಳುನೂರು ಪುಟಕ್ಕೂ ಜಾಸ್ತಿ, ಲೆಕ್ಕ ಇಲ್ಲದಷ್ಟು ಜನ, ಇಂಥವನೇ ಹೀರೋ ಅಂತ ಬೆರಳು ಮಾಡೋಕೂ ಆಗಲ್ಲ. ಅದು ಮೂರನೇದೋ ನಾಲ್ಕನೇದೋ ಪುಸ್ತಕ ಆಗ್ಲಿ, ಓದೋವಾಗ ಒಂದು ಹಾಳೇಲಿ ಯಾರು ಯಾವ ಮನೆಯವರು ಅಂತ ಬರ್ಕೊಂಡು ಓದಿ.

ಮೊದಲಿಗೆ ನಾನು ಕೊಡೋದು ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೊ. 1980ರದ್ದು, ತೆಳ್ಳಗಿದೆ, ನಗು ಬರುತ್ತೆ, ಜೇನು, ಕಾಡು, ಹಾರೋ ಓತಿ, ಕಳ್ಳಭಟ್ಟಿ ಕೇಸು ಎಲ್ಲಾ ಇದೆ. ಶಿರಸಿ ಸಿದ್ದಾಪುರ ಯಲ್ಲಾಪುರ ಕಡೆ ತೋಟದ ಮನೇಲಿ ಬೆಳೆದ ಹುಡುಗ್ರಿಗೆ ಅದರಲ್ಲಿ ಬರೋ ಮರ ಹಕ್ಕಿ ಯಾವುದೂ ಹೊಸದಲ್ಲ. ಅದ್ರಲ್ಲಿ ಮಂದಣ್ಣ ಅಂತ ಒಬ್ಬ ಇದಾನೆ. ಊರವರ ಕಣ್ಣಿಗೆ ಅವನು ಕೆಲ್ಸಕ್ಕೆ ಬಾರದವನು, ಕಥೆ ಹೇಳೋನಿಗೂ ಮೊದಲು ಹಾಗೇ ಕಾಣೋದು, ಆದ್ರೆ ವಿಜ್ಞಾನಿ ಕರ್ವಾಲೋ ಅವನ ಮಾತನ್ನ ಸೀರಿಯಸ್ಸಾಗಿ ಕೇಳ್ತಾರೆ, ಯಾಕಂದ್ರೆ ಕಾಡನ್ನ ಅವನಷ್ಟು ನೋಡಿದವರು ಇಲ್ಲ. ನಮ್ಮ ಪ್ರತಿ ಊರಲ್ಲೂ ಒಬ್ಬ ಮಂದಣ್ಣ ಇದಾನೆ, ಎಸ್ಸೆಸ್ಸೆಲ್ಸಿ ಫೇಲು, ಆದ್ರೆ ಯಾವ ಮರಕ್ಕೆ ಯಾವಾಗ ಜೇನು ಕೂರುತ್ತೆ, ಯಾವ ಹಳ್ಳದಲ್ಲಿ ಯಾವ ಮೀನು ಅಂತ ಅವನನ್ನೇ ಕೇಳ್ಬೇಕು. ಮಾರ್ಕ್ಸ್ ಕಾರ್ಡ್ ಬರೋ ಮೇ ತಿಂಗಳಲ್ಲಿ ಈ ಪುಸ್ತಕ ಕೊಟ್ರೆ ಮಾರ್ಕು ಕಮ್ಮಿ ಬಂದ ಹುಡುಗನಿಗೆ ಒಂಥರಾ ಕೆಲ್ಸ ಮಾಡುತ್ತೆ, ಮಾರ್ಕು ಜಾಸ್ತಿ ಬಂದ ಹುಡುಗನಿಗೆ ಇನ್ನೊಂಥರಾ. ಎರಡನೆಯವನಿಗೇ ಅದರ ಅಗತ್ಯ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಪುಸ್ತಕ ಸಿಗೋದು ಕಷ್ಟ ಏನಿಲ್ಲ. ಕಾರವಾರದಲ್ಲಿ ಜಿಲ್ಲಾ ಗ್ರಂಥಾಲಯ ಇದೆ, ತಾಲೂಕು ಊರುಗಳಲ್ಲಿ ಶಾಖೆ ಇದೆ, ಹಳ್ಳಿಗಳಲ್ಲಿ ಪಂಚಾಯ್ತಿ ಲೈಬ್ರರಿಗಳನ್ನ ಈಗ ಅರಿವು ಕೇಂದ್ರ ಅಂತ ಕರೀತಾರೆ, ಅಲ್ಲಿ ಪೇಪರ್ ಓದಿ ಎದ್ದು ಬರೋ ಬದಲು ಹಿಂದಿನ ಕಪಾಟು ತೆಗೆಸಿ ನೋಡಿ. ಅದಕ್ಕಿಂತ ಮುಂಚೆ ಮನೆಯ ಅಟ್ಟ ನೋಡಿ. ನಮ್ಮ ಉತ್ತರ ಕನ್ನಡ ಜಿಲ್ಲೇಲಿ ಒಂದು ಕಾಲಕ್ಕೆ ಓದೋ ಮಾಸ್ತರರು, ಓದೋ ಅತ್ತೆಯಂದ್ರು ಜಾಸ್ತಿ ಇದ್ರು, ಕಾರಂತ, ತ್ರಿವೇಣಿ, ಭೈರಪ್ಪ ಎಲ್ಲಾ ಅಟ್ಟದ ಮೇಲೆ ಗೆದ್ದಲು ಹಿಡಿಯೋಕೆ ಕಾಯ್ತಾ ಇರ್ತಾರೆ.

ಯಾವಾಗ ಓದೋದು ಅನ್ನೋದಕ್ಕೆ ಜಾಸ್ತಿ ಹೇಳೋದಿಲ್ಲ. ಅಡಿಕೆ ಕೊಯ್ಲಿನ ಟೈಮಲ್ಲಿ ಆಗಲ್ಲ, ಮನೆ ತುಂಬ ಜನ, ರಾತ್ರಿ ಎಲ್ಲಾ ಅಡಿಕೆ ಸುಲಿಯೋದು. ಜೂನ್ ಜುಲೈ ಬೆಸ್ಟು, ಕರೆಂಟ್ ಇರಲ್ಲ, ನೆಟ್‌ವರ್ಕ್ ಇರಲ್ಲ, ಶಾಲೆಗೂ ಮಳೆ ರಜೆ. ಕಾರವಾರದವರು ಟಾಗೋರ್ ಬೀಚಲ್ಲಿ ಕೂತು ಓದೋ ಆಸೆ ಬಿಡಿ, 1883ರಲ್ಲಿ ರವೀಂದ್ರರು ಅಣ್ಣನ ಮನೇಲಿ ಇದ್ದು ನಾಟಕ ಬರೆದಿರಬಹುದು, ನಮಗೆ ಆ ಗಾಳಿಗೆ ಪುಟ ನಿಲ್ಲಲ್ಲ, ಬೈಂಡಿಂಗ್ ತುಂಬ ಮರಳು. ದಿನಕ್ಕೆ ಒಂದು ಅಧ್ಯಾಯ ಸಾಕು. ಮೊಬೈಲು ಬೇರೆ ರೂಮಲ್ಲಿ ಇರ್ಲಿ.

ಎರಡನೇದು, ನಾಚಿಕೆಯ ಪುಟ ಹಿಡೀರಿ

ಇದೇ ಮುಖ್ಯ, ಸ್ವಲ್ಪ ಉದ್ದ ಆಗುತ್ತೆ.

ಡಿಕನ್ಸ್ ಬರೆದ ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್ ಇಂಗ್ಲಿಷ್ ಕಾದಂಬರಿ, 1860-61ರಲ್ಲಿ ವಾರಪತ್ರಿಕೇಲಿ ಕಂತು ಕಂತಾಗಿ ಬಂದಿದ್ದು. ಅದರಲ್ಲಿ ಪಿಪ್ ಅಂತ ಹುಡುಗ, ಅಪ್ಪ ಅಮ್ಮ ಇಲ್ಲ, ಅಕ್ಕನ ಮನೇಲಿ ಬೆಳೀತಾನೆ, ಭಾವ ಜೋ ಕಮ್ಮಾರ. ಅಕ್ಕ ಹೊಡೆಯೋಳು, ಭಾವ ಮಾತ್ರ ಇವನಿಗೆ ಫ್ರೆಂಡ್ ಇದ್ದಂಗೆ. ಕುಲುಮೆ ಕೆಲಸ ಕಲಿತು ಭಾವನ ಜೊತೆ ಇರ್ಬೇಕು ಅನ್ನೋದೇ ಪಿಪ್‌ನ ಆಸೆ. ಒಂದಿನ ಶ್ರೀಮಂತರ ಮನೆಗೆ ಆಟ ಆಡೋಕೆ ಕರೆಸ್ತಾರೆ, ಅಲ್ಲಿ ಎಸ್ಟೆಲ್ಲಾ ಅನ್ನೋ ಚಂದದ ಹುಡುಗಿ ಇವನ ಒರಟು ಕೈ, ದಪ್ಪ ಬೂಟು, ಇಸ್ಪೀಟಿನ ಎಲೆಗೆ ಇವನು ಹೇಳೋ ಹೆಸರು ಎಲ್ಲಾ ನೋಡಿ ನಗ್ತಾಳೆ. ಅಷ್ಟೇ. ಅವತ್ತಿನ ತನಕ ತನ್ನ ಕೈ ಒರಟು ಅಂತ ಪಿಪ್‌ಗೆ ಗೊತ್ತೇ ಇರ್ಲಿಲ್ಲ. ಅವತ್ತಿಂದ ಮನೆ ಸಣ್ಣದು ಕಾಣುತ್ತೆ, ಕುಲುಮೆ ಕೊಳಕು ಕಾಣುತ್ತೆ.

ಇಲ್ಲಿ ಪುಸ್ತಕ ಮಡಚಿ ಒಂದು ಕ್ಷಣ ಕೂತ್ಕೊಳ್ಳಿ. ನಿಮಗೆ ಯಾವಾಗ ಹೀಗಾಯ್ತು? ಕಾಲೇಜಿನ ಮೊದಲ ವಾರ ನಿಮ್ಮ ಮಾತಿನ ರಾಗ ಕೇಳಿ ಯಾರೋ ನಕ್ಕಿದ್ದು, ಎಂತ ಅಂದಿದ್ದಕ್ಕೆ ಇಡೀ ಕ್ಲಾಸು ಎಂತ ಎಂತ ಅಂತ ಆಡಿಸಿದ್ದು, ಡಬ್ಬಿ ತೆಗೆದಾಗ ಒಣ ಮೀನಿನ ವಾಸನೆಗೆ ಪಕ್ಕದವಳು ಮೂಗು ಮುಚ್ಕೊಂಡಿದ್ದು. ನಕ್ಕವರು ಮರೆತು ಎಷ್ಟೋ ವರ್ಷ ಆಗಿರುತ್ತೆ, ಆದ್ರೆ ಅವತ್ತಿಂದ ನೀವು ಮನೆಗೆ ಫೋನ್ ಮಾಡೋವಾಗ ರೂಮಿಂದ ಆಚೆ ಹೋಗಿ ಮಾತಾಡೋಕೆ ಶುರು ಮಾಡಿದ್ರಿ ಅಲ್ವಾ, ಅದು ಪಿಪ್‌ನ ಪುಟ.

ಕಾದಂಬರಿ ಅಲ್ಲಿಗೆ ಬಿಡಲ್ಲ. ಪಿಪ್‌ಗೆ ಯಾರೋ ಹೆಸರು ಹೇಳದವರಿಂದ ದುಡ್ಡು ಬರುತ್ತೆ, ಲಂಡನ್ನಿಗೆ ಹೋಗಿ ಸಾಹೇಬ ಆಗ್ತಾನೆ, ಒಂದಿನ ಜೋ ಭಾವ ಅವನನ್ನ ನೋಡೋಕೆ ಬರ್ತಾನೆ. ಬರ್ತಾನೆ ಅಂತ ಕಾಗದ ಬಂದಾಗ ಪಿಪ್‌ಗೆ ಖುಷಿ ಆಗಲ್ಲ, ದುಡ್ಡು ಕೊಟ್ಟು ತಪ್ಪಿಸೋಕೆ ಆಗಿದ್ರೆ ತಪ್ಪಿಸ್ತಿದ್ದೆ ಅಂತ ಅವನೇ ಒಪ್ಕೊಳ್ತಾನೆ. ಬಂದ ಭಾವನಿಗೆ ಟೋಪಿ ಎಲ್ಲಿ ಇಡೋದು ಅಂತ ಗೊತ್ತಾಗಲ್ಲ, ಗೂಡಿನ ಮೇಲೆ ಇಡ್ತಾನೆ, ಬೀಳುತ್ತೆ, ಎತ್ತಿ ಇಡ್ತಾನೆ, ಮತ್ತೆ ಬೀಳುತ್ತೆ. ತಾನು ಎತ್ತಿ ಆಡಿಸಿದ ಹುಡುಗನನ್ನ ಸರ್ ಅಂತಾನೆ. ಓದ್ತಾ ನಗು ಬರುತ್ತೆ, ಸ್ವಲ್ಪ ಹೊತ್ತಿಗೆ ನಗು ಗಂಟಲಲ್ಲಿ ಸಿಕ್ಕಿ ಬೀಳುತ್ತೆ. ಯಾಕಂದ್ರೆ ಇದು ನಮ್ಮಲ್ಲಿ ಎಲ್ಲಾ ಮನೆಯ ಕಥೆ, ಮಗನ ಪಿಜಿ ನೋಡೋಕೆ ಅಂತ ಅಪ್ಪಯ್ಯ ಹಲಸಿನ ಹಪ್ಪಳದ ಕಟ್ಟು ಹಿಡ್ಕೊಂಡು ರಾತ್ರಿ ಬಸ್ಸಲ್ಲಿ ಮೆಜೆಸ್ಟಿಕ್ಕಿಗೆ ಬಂದು ಇಳಿಯೋದು, ಮಗ ರೂಮ್‌ಮೇಟಿಗೆ ಅಪ್ಪ ಅಂತ ಪರಿಚಯ ಮಾಡೋ ಮುಂಚೆ ಒಂದು ಸೆಕೆಂಡು ತಡ ಮಾಡೋದು. ಆ ಒಂದು ಸೆಕೆಂಡು ಅಪ್ಪಯ್ಯನಿಗೆ ಗೊತ್ತಾಗಿರುತ್ತೆ. ಜೋಗೂ ಗೊತ್ತಾಗುತ್ತೆ. ಹೋಗೋವಾಗ ಅವನು ಸಿಟ್ಟು ಮಾಡಲ್ಲ, ತಾನು ಈ ಬಟ್ಟೇಲಿ, ಈ ಜಾಗದಲ್ಲಿ ಹೊಂದೋನಲ್ಲ, ಕುಲುಮೆ ಹತ್ರ ಬಂದು ನೋಡಿದ್ರೆ ಸರಿಯಾಗಿ ಕಾಣ್ತೀನಿ ಅನ್ನೋ ಅರ್ಥದ ಮಾತು ಹೇಳಿ ಹೊರಡ್ತಾನೆ.

ಮಕ್ಕಳಿಗೆ ಅಪ್ಪ ಅಮ್ಮನನ್ನ ಗೌರವಿಸ್ಬೇಕು ಅಂತ ಸಾವಿರ ಸಲ ಹೇಳಿದ್ರೂ ಕಿವಿಗೆ ಬೀಳಲ್ಲ, ಈ ಅಧ್ಯಾಯದಲ್ಲಿ ಯಾರೂ ಹಾಗೆ ಹೇಳೋದೂ ಇಲ್ಲ. ದೊಡ್ಡವನಾದ ಪಿಪ್ಪೇ ಕಥೆ ಹೇಳ್ತಿರೋದು, ತನ್ನನ್ನ ಸಮರ್ಥಿಸ್ಕೊಳ್ಳದೆ, ನೆಪ ಹೇಳದೆ ಹೇಳ್ತಾನೆ. ಇಂಗ್ಲಿಷ್ ಕಷ್ಟ ಅನ್ನೋರು ಮಕ್ಕಳಿಗೆ ಅಂತ ಸಣ್ಣದು ಮಾಡಿದ ಆವೃತ್ತಿ ಓದ್ಬಹುದು, ಆದ್ರೆ ಅದ್ರಲ್ಲಿ ಟೋಪಿ ಬೀಳೋ ಸೀನು ಇಲ್ಲಾಂದ್ರೆ ಆ ಪುಸ್ತಕ ವಾಪಸ್ ಇಡಿ.

ಮೂರನೇದು, ದುಡ್ಡು ಎಲ್ಲಿಂದ ಬಂತು ಅಂತ ಕೇಳಿ

ಯಾವ ಹಳೇ ಕಾದಂಬರಿ ತಗೊಂಡ್ರೂ ಈ ಪ್ರಶ್ನೆ ಪೆನ್ಸಿಲಲ್ಲಿ ಮೊದಲ ಪುಟದಲ್ಲಿ ಬರೆದಿಡಿ (ಲೈಬ್ರರಿ ಪುಸ್ತಕ ಆದ್ರೆ ಬೇಡ, ಬೇರೆ ಹಾಳೇಲಿ). ಪಿಪ್‌ನ ಸೂಟು ಬೂಟಿನ ದುಡ್ಡು ಎಸ್ಟೆಲ್ಲಾ ಇದ್ದ ಆ ಶ್ರೀಮಂತರ ಮನೆಯ ಮೇಡಂ ಕೊಟ್ಟಿದ್ದು ಅಂತ ಅವನು ನಂಬಿರ್ತಾನೆ, ನಾವೂ ನಂಬಿರ್ತೀವಿ. ಕೊಟ್ಟಿದ್ದು ಒಬ್ಬ ಕೈದಿ, ಚಿಕ್ಕವನಿದ್ದಾಗ ಪಿಪ್ ಹೆದರ್ಕೊಂಡು ಊಟ ತಂದು ಕೊಟ್ಟಿದ್ದ ಅದೇ ಮನುಷ್ಯ, ಗಡೀಪಾರಾಗಿ ಹೋದ ಆಸ್ಟ್ರೇಲಿಯಾದಲ್ಲಿ ಕುರಿ ಸಾಕಿ ದುಡಿದು ಕಳಿಸಿದ್ದು. ಗೊತ್ತಾದಾಗ ಪಿಪ್‌ಗೆ ಮೊದಲು ಬರೋದು ಕೃತಜ್ಞತೆ ಅಲ್ಲ, ಅಸಹ್ಯ. ಆ ಅಸಹ್ಯದಿಂದ ಆ ಮುದುಕನ ಕೈ ಹಿಡಿದು ಸಾಯೋ ತನಕ ಪಕ್ಕದಲ್ಲಿ ಕೂರೋ ತನಕ ಪಿಪ್ ನಡೆದು ಬರೋ ದಾರಿ ಇದ್ಯಲ್ಲ, ಅವನು ದೊಡ್ಡವನಾಗಿದ್ದು ಅಲ್ಲೇ, ಲಂಡನ್ನಿನಲ್ಲಿ ಅಲ್ಲ.

ನಮ್ಮ ಕರಾವಳಿಗೆ ಬಂದ್ರೆ ಇದೇ ಪ್ರಶ್ನೆ ಕೇಳೋಕೆ ಶಿವರಾಮ ಕಾರಂತರ ಮರಳಿ ಮಣ್ಣಿಗೆ ಇದೆ. ಕಾರಂತರು ಕೋಟದವರು, ಆದ್ರೆ ಕೈಗಾ ಅಣು ಸ್ಥಾವರದ ವಿರುದ್ಧ ದನಿ ಎತ್ತಿ 1989ರಲ್ಲಿ ನಮ್ಮ ಜಿಲ್ಲೆಯಿಂದ ಲೋಕಸಭೆಗೂ ನಿಂತಿದ್ರು, ಸೋತ್ರು, ಅದಿರ್ಲಿ. ಕಾದಂಬರಿ ಕೋಡಿ ಅನ್ನೋ ಸಮುದ್ರ ದಂಡೆಯ ಹಳ್ಳಿಯ ಮೂರು ತಲೆಮಾರಿನ ಕಥೆ, ಅಜ್ಜ ರಾಮ ಐತಾಳ, ಮಗ ಲಚ್ಚ, ಮೊಮ್ಮಗ ರಾಮ. ಐತಾಳರು ಮಗ ಇಂಗ್ಲಿಷ್ ಕಲಿತು ದೊಡ್ಡ ಮನುಷ್ಯ ಆಗ್ಲಿ ಅಂತ ಕುಂದಾಪುರಕ್ಕೆ ಓದೋಕೆ ಕಳಿಸ್ತಾರೆ. ಲಚ್ಚ ಕಲಿಯೋದು ಬೇರೇನೇ, ಮನೆಯ ದುಡ್ಡನ್ನ ಕರಗಿಸೋದು, ಆಸ್ತಿ ಕರಗಿಸೋದು. ಆ ದುಡ್ಡು ಎಲ್ಲಿಂದ ಬಂತು ಅಂತ ಕೇಳಿದ್ರೆ ಉತ್ತರ ಉಪ್ಪು ನೀರಿನ ಪಕ್ಕದ ಗದ್ದೆ, ಮಳೇಲಿ ಬೆನ್ನು ಬಗ್ಗಿಸಿದ ಹೆಂಗಸರು.

ಮೊಮ್ಮಗ ರಾಮ ಮದ್ರಾಸಿಗೆ ಓದೋಕೆ ಹೋಗ್ತಾನೆ, ಚಳವಳಿಗೆ ಹೋಗ್ತಾನೆ, ಬೊಂಬಾಯಿಯಲ್ಲಿ ಕೆಲ್ಸ ಹುಡುಕ್ತಾ ಅಲೀತಾನೆ, ಆಮೇಲೆ ಊರಿಗೆ ಬರ್ತಾನೆ. ಊರಿಗೆ ವಾಪಸ್ ಬಂದು ತೋಟ ಮಾಡೋ ರೀಲ್ಸ್ ನೋಡಿ ಕೆಲ್ಸ ಬಿಡೋಕೆ ಹೊರಟವರು ಇದನ್ನ ಓದ್ಬೇಕು ಅಂತ ನನಗೆ ಬಹಳ ಸಲ ಅನ್ಸುತ್ತೆ. ಕಾರಂತರಲ್ಲಿ ಮಣ್ಣು ಅಷ್ಟು ರೊಮ್ಯಾಂಟಿಕ್ ಅಲ್ಲ. ಸಮುದ್ರ ಬೆಳೆ ತಿನ್ನುತ್ತೆ, ಸಾಲ ಇರುತ್ತೆ, ಮನೆ ಬೀಳುತ್ತೆ. ಹಾಗಿದ್ದೂ ಬರೋದು ಅಂದ್ರೆ ಬೇರೆ.

ಅಡುಗೆಮನೆ ಕಡೆಗೂ ಒಂದು ಕಣ್ಣು ಇಡಿ

ಇದು ಹುಡುಗ್ರಿಗೆ ಮುಖ್ಯವಾಗಿ. ಹಳೇ ಕಾದಂಬರಿ ಓದೋವಾಗ ಮುಂದಿನ ಜಗಲಿಯಲ್ಲಿ ಗಂಡಸರು ಮಾತಾಡ್ತಾ ಇರೋವಾಗ ಹಿಂದೆ ಯಾರು ಕೆಲಸ ಮಾಡ್ತಿದಾರೆ ಅಂತ ನೋಡ್ತಾ ಇರಿ. ಮರಳಿ ಮಣ್ಣಿಗೆಯಲ್ಲಿ ಐತಾಳರ ತಂಗಿ, ವಿಧವೆ ಸರಸೋತಿ, ಆ ಮನೆ ನಿಂತಿರೋದೇ ಅವಳ ಮೇಲೆ. ಸೊಸೆ ನಾಗವೇಣಿ ಗಂಡ ಹಾಳಾದ್ರೂ ಮಗನನ್ನ ಬೆಳೆಸ್ತಾಳೆ. ಭೈರಪ್ಪನವರ ಗೃಹಭಂಗದಲ್ಲಿ (1970) ನಂಜಮ್ಮ, ಗಂಡ ಹೆಸರಿಗೆ ಶಾನುಭೋಗ, ಲೆಕ್ಕ ಬರೆಯೋದು ಇವಳು, ಪ್ಲೇಗಿನಲ್ಲಿ ಬೆಳೆದ ಮಕ್ಕಳು ಹೋದ್ರೂ ಎದ್ದು ನಿಲ್ಲೋದು ಇವಳು. ಎಂ. ಕೆ. ಇಂದಿರಾ ಅವರ ಫಣಿಯಮ್ಮ (1976) ಓದಿ, ಇದೂ ದಪ್ಪ ಪುಸ್ತಕ ಅಲ್ಲ. ಆಟ ಆಡೋ ವಯಸ್ಸಲ್ಲಿ ಮದುವೆ, ಅದರ ಬೆನ್ನಿಗೇ ವೈಧವ್ಯ, ಮಲೆನಾಡಿನ ದೊಡ್ಡ ಮನೇಲಿ ಇಡೀ ಜೀವನ ಬೇರೆಯವರ ಬಾಣಂತನ ಮಾಡ್ಕೊಂಡು ಕಳೀತಾಳೆ. ಅವಳು ಭಾಷಣ ಮಾಡಲ್ಲ. ಆದ್ರೆ ಮುಂದೊಂದಿನ ಇನ್ನೊಬ್ಬ ಎಳೇ ವಿಧವೆ ತಲೆ ಬೋಳಿಸ್ಕೊಳ್ಳಲ್ಲ ಅಂತ ನಿಂತಾಗ ಮುದುಕಿ ಫಣಿಯಮ್ಮ ಅವಳ ಕಡೆಗೇ ನಿಲ್ತಾಳೆ. ತಾನು ಅನುಭವಿಸಿದ್ದನ್ನ ಮುಂದಿನವಳೂ ಅನುಭವಿಸ್ಲಿ ಅನ್ನದೇ ಇರೋದು ಎಷ್ಟು ದೊಡ್ಡದು ಅಂತ, ರ‍್ಯಾಗಿಂಗ್ ಮಾಡೋ ಸೀನಿಯರ್‌ಗಳಿಗೂ ಕೆಲವು ಅತ್ತೆಯಂದಿರಿಗೂ ಒಂದೊಂದು ಕಾಪಿ ಕೊಡ್ಬೇಕು ಅನ್ಸುತ್ತೆ.

ಹುಡುಗಿಯರಿಗೆ ಇಂಗ್ಲಿಷಿನಲ್ಲಿ ಆದ್ರೆ ಜೇನ್ ಐರ್, 1847ರದ್ದು. ಪ್ರೀತಿಸಿದವನಿಗೆ ಮೊದಲೇ ಮದುವೆ ಆಗಿದೆ, ಹೆಂಡತಿ ಬದುಕಿದಾಳೆ ಅಂತ ಮದುವೆ ದಿನ ಗೊತ್ತಾದಾಗ ಜೇನ್ ಎದ್ದು ಹೋಗ್ತಾಳೆ. ಪ್ರೀತಿ ಸತ್ತಿದೆ ಅಂತಲ್ಲ, ಇದ್ದೂ ಹೋಗ್ತಾಳೆ, ಕೈಯಲ್ಲಿ ಹೆಚ್ಚುಕಮ್ಮಿ ಏನೂ ಇಲ್ಲದೆ. ಈ ಒಂದು ಅಧ್ಯಾಯದ ಬಗ್ಗೆ ಮನೇಲಿ ತಾಯಿ ಮಗಳು ಕೂತು ಮಾತಾಡೋಕೆ ಒಂದು ಮಳೆಗಾಲದ ಮಧ್ಯಾಹ್ನ ಪೂರ್ತಿ ಬೇಕು.

ನಾಲ್ಕನೇದು, ಪುಸ್ತಕದ ಜೊತೆ ಜಗಳ ಆಡಿ

ಕ್ಲಾಸಿಕ್ ಅಂದ್ರೆ ಅದ್ರಲ್ಲಿ ಇರೋದೆಲ್ಲಾ ಸರಿ ಅಂತ ಅಲ್ಲ. ಆ ಕಾಲದ ಜಾತಿ, ಮಡಿ, ಹೆಂಗಸ್ರ ಬಗ್ಗೆ ಮಾತು ಎಲ್ಲಾ ಹಾಗೇ ಬರುತ್ತೆ. ಕೆಲವು ಕಡೆ ಲೇಖಕ ಅದನ್ನ ತೋರಿಸಿ ಬೈತಿದಾನೆ, ಕೆಲವು ಕಡೆ ಲೇಖಕನಿಗೇ ಅದು ಕಾಣ್ತಿಲ್ಲ. ಇವೆರಡರ ಫರಕು ಹಿಡಿಯೋದು ಕಲೀಬೇಕು. ಕಾರಂತರ ಚೋಮನ ದುಡಿ 1933ರಲ್ಲಿ ಬಂದಿದ್ದು, ಒಂದು ತುಂಡು ಭೂಮಿ ಉಳ್ಬೇಕು ಅನ್ನೋ ದಲಿತ ಜೀತದಾಳು ಚೋಮನ ಆಸೆ ಹೇಗೆ ಮುರಿಯುತ್ತೆ ಅಂತ ಓದಿದ ಮೇಲೆ, ನಿಮ್ಮ ಊರಲ್ಲಿ ಯಾರಿಗೆ ಜಮೀನು ಇದೆ ಯಾರಿಗೆ ಇಲ್ಲ, ಯಾಕೆ ಅಂತ ಒಂದು ಸಲ ಲೆಕ್ಕ ಹಾಕಿ. ಉತ್ತರ ಮನೆಯವರಿಗೆ ಇಷ್ಟ ಆಗ್ದೇ ಇರಬಹುದು, ಆಗ್ಲಿ.

ದೊಡ್ಡವರ ಜೊತೆ ಮಾತಾಡೋದೂ ಇದರಲ್ಲೇ ಬಂತು. ಅಜ್ಜಿ ಹತ್ರ ಕೂತು ಫಣಿಯಮ್ಮನ ಕಥೆ ಹೇಳಿ ಸುಮ್ಮನಿರಿ, ನಮ್ಮ ಮನೇಲೂ ಒಬ್ಳು ಇದ್ಳು ಅಂತ ಅವರೇ ಶುರು ಮಾಡ್ತಾರೆ, ಅಲ್ಲಿಯ ತನಕ ಫೋಟೋ ಕೂಡ ಇಲ್ಲದ ಒಬ್ಬ ದೊಡ್ಡತ್ತೆ ಎದ್ದು ಬರ್ತಾರೆ. ಕಾದಂಬರಿ ಓದದೆ ಇದ್ದಿದ್ರೆ ನೀವು ಕೇಳ್ತಾನೂ ಇರ್ಲಿಲ್ಲ ಅವರು ಹೇಳ್ತಾನೂ ಇರ್ಲಿಲ್ಲ. ಅಪ್ಪ ಅಮ್ಮಂದ್ರಿಗೆ ಮಾತ್ರ ಒಂದು ರಿಕ್ವೆಸ್ಟು, ಮಕ್ಕಳು ಪುಸ್ತಕ ಮುಗಿಸಿದ ತಕ್ಷಣ ಏನು ಕಲಿತೆ ಅಂತ ಕೇಳ್ಬೇಡಿ. ಯಾರ ಮೇಲೆ ಸಿಟ್ಟು ಬಂತು ಅಂತ ಕೇಳಿ, ಬೇಕಾದ್ರೆ ಊಟ ಬಡಿಸೋವಾಗ ಸುಮ್ನೆ ಕೇಳಿದಂಗೆ. ನೀವೂ ಓದಿರ್ಬೇಕು ಮತ್ತೆ, ಇಲ್ಲಾಂದ್ರೆ ಒಂದೇ ಮಾತಿಗೆ ಸಿಕ್ಕಿ ಬೀಳ್ತೀರಿ.

ಕೊನೇದು, ಕೆಲವು ಪುಸ್ತಕ ವಯಸ್ಸಿಗೆ ಬಿಡಿ

ಯಶವಂತ ಚಿತ್ತಾಲರು ನಮ್ಮ ಹನೇಹಳ್ಳಿಯವರು, ಗೋಕರ್ಣದ ಹತ್ರದ ಹಳ್ಳಿ, 1928ರಲ್ಲಿ ಹುಟ್ಟಿದ್ದು, ಮುಂಬೈಯಲ್ಲಿ ಪ್ಲಾಸ್ಟಿಕ್ ರಾಳಗಳ ಕಂಪನೀಲಿ ದೊಡ್ಡ ಕೆಲಸದಲ್ಲಿ ಇದ್ದು ಬರೆದವರು. ಅವರ ಶಿಕಾರಿ (1979) ಹದಿನೇಳು ವರ್ಷದವರಿಗೆ ಕೊಟ್ರೆ ಅರ್ಧಕ್ಕೇ ಬಿಡ್ತಾರೆ, ಬಿಡೋದೇ ಸರಿ. ಮುಂಬೈಯ ಕಂಪನೀಲಿ ನಾಗಪ್ಪನನ್ನ ಒಂದಿನ ಸಸ್ಪೆಂಡ್ ಮಾಡ್ತಾರೆ, ಯಾಕೆ ಅಂತ ಸರಿಯಾಗಿ ಹೇಳಲ್ಲ, ಯಾರು ತನ್ನ ಬೆನ್ನ ಹಿಂದೆ ಏನು ಮಾಡ್ತಿದಾರೆ, ಸ್ನೇಹಿತ ಯಾರು ಬೇಟೆಗಾರ ಯಾರು ಅಂತ ಅವನ ತಲೆ ಒಳಗೇ ಕಾದಂಬರಿ ನಡೆಯುತ್ತೆ, ನಡುನಡುವೆ ಹನೇಹಳ್ಳಿಯ ಬಾಲ್ಯ ಬಂದು ಹೋಗುತ್ತೆ. ಒಂದೆರಡು ವರ್ಷ ಆಫೀಸಲ್ಲಿ ಕೆಲಸ ಮಾಡಿ, ಎಚ್ಆರ್ ಮೀಟಿಂಗಿಗೆ ಕರೆದಾಗ ಹೊಟ್ಟೇಲಿ ಏನಾಗುತ್ತೆ ಅಂತ ಗೊತ್ತಾದ ಮೇಲೆ ಇದನ್ನ ಕೈಗೆತ್ಕೊಳ್ಳಿ, ಕೆಳಗಿಡೋಕೆ ಆಗಲ್ಲ. ಅಲ್ಲಿಯ ತನಕ ಹನೇಹಳ್ಳಿ ಬಗ್ಗೆ ಅವರು ಬರೆದ ಸಣ್ಣ ಕಥೆಗಳು ಸಾಕು.

ಅದೇ ರೀತಿ ಓದಿ ಮುಗಿಸಿದ್ದನ್ನ ಕೆಲವು ವರ್ಷ ಬಿಟ್ಟು ಮತ್ತೆ ತೆಗೀರಿ. ಹದಿನೆಂಟಕ್ಕೆ ಮರಳಿ ಮಣ್ಣಿಗೆ ಓದಿದವರು ರಾಮನ ಜೊತೆ ಹೋಗ್ತಾರೆ, ಮದುವೆ ಆದ ಮೇಲೆ ಓದಿದವರಿಗೆ ನಾಗವೇಣಿ ಕಾಣ್ತಾಳೆ, ಮಕ್ಕಳು ಹಾಸ್ಟೆಲ್ ಸೇರಿದ ಮೇಲೆ ಓದಿದವರಿಗೆ ಐತಾಳರ ಮೇಲೆ ಇದ್ದ ಸಿಟ್ಟು ಸ್ವಲ್ಪ ಕಮ್ಮಿ ಆಗಿರುತ್ತೆ. ಓದಿದ ವರ್ಷವನ್ನ ಕೊನೇ ಪುಟದಲ್ಲಿ ಸಣ್ಣಗೆ ಬರೆದಿಟ್ರೆ ಸಾಕು, ಡೈರಿ ಗೀರಿ ಬೇಕಾಗಿಲ್ಲ.

ಮಧ್ಯದಲ್ಲಿ ಬೋರಾದ್ರೆ ಐವತ್ತು ಪುಟದ ತನಕ ತಾಳಿ, ಆಮೇಲೂ ಹಿಡೀಲಿಲ್ಲ ಅಂದ್ರೆ ಸಂಕೋಚ ಇಲ್ದೆ ಬದಲಾಯಿಸಿ. ಕಾರಂತರು ಆಗದವರಿಗೆ ತೇಜಸ್ವಿ ಆಗ್ತಾರೆ, ತೇಜಸ್ವಿ ಆಗದವರಿಗೆ ತ್ರಿವೇಣಿ. ಶರಪಂಜರ ಸಿನಿಮಾ ನೋಡಿದೀನಿ ಅಂತ ಪುಸ್ತಕ ಬಿಡ್ಬೇಡಿ, ಅದು ಬೇರೆ ಇದು ಬೇರೆ. ಏಪ್ರಿಲ್ ಮೇನಲ್ಲೇ ಲೈಬ್ರರಿ ಮೆಂಬರ್‌ಶಿಪ್ ಮಾಡಿಸಿ ಇಡಿ, ಮಳೆ ಹಿಡಿದ ಮೇಲೆ ಘಟ್ಟದ ಮೇಲಿನವರು ಪೇಟೆಗೆ ಇಳಿಯೋದು ಕಷ್ಟ, ಆಗ ಮನೇಲಿ ಎರಡು ಪುಸ್ತಕ ಇರ್ಲಿ, ಒಂದು ತೆಳ್ಳಗಿಂದು ಒಂದು ದಪ್ಪದ್ದು.